ಪಂತಣ್ಣನ ಕೆಂಪು ಇಜಾರು: ಒಂದು ಪದದ ಜಾಡು ಹಿಡಿದ ಬಗೆ

ಮುಂಬಯಿಯ ಕನ್ನಡ ಹವ್ಯಾಸಿ ತಂಡವೊಂದು ಇಟಲಿಯ ಹಳೆಯ ಹಾಸ್ಯನಾಟಕವನ್ನು ನಮ್ಮ ಮಾತಿಗೆ ಹೊಂದಿಸಿಕೊಂಡು ಮಾಟುಂಗಾದಲ್ಲಿ ಆಡಲು ಹೊರಟಾಗ, ಅದರ ವೇಷಭೂಷಣದ ಹೊಣೆ ನನಗೆ ಬಂತು. ನಾನು ವೃತ್ತಿಯಿಂದ ದರ್ಜಿ. ದಾದರಿನ ಅಂಗಡಿಯಲ್ಲಿ ಹಗಲೆಲ್ಲ ಶರ್ಟು, ಪ್ಯಾಂಟು ಕತ್ತರಿಸುವುದು, ಬಿಡುವು ಸಿಕ್ಕಾಗ ಯಕ್ಷಗಾನ ಮಂಡಳಿಗಳಿಗೂ ನಾಟಕದವರಿಗೂ ದಗಲೆ, ಇಜಾರು, ನಿಲುವಂಗಿ ಹೊಲಿದುಕೊಡುವುದು ಬಹುಕಾಲದಿಂದ ನಡೆದುಬಂದ ಕ್ರಮ. ಈ ಸಲ ನಿರ್ದೇಶಕರು ಬಟ್ಟೆಯ ಜೊತೆಗೆ ಬರವಣಿಗೆಯ ಕೆಲಸವೊಂದನ್ನೂ ಹಚ್ಚಿದರು. ಪ್ರೇಕ್ಷಕರಿಗೆ ಹಂಚುವ ಪುಸ್ತಿಕೆಯಲ್ಲಿ, ಮುಂದೆ ನಮ್ಮ ನಾಟಕದಲ್ಲಿ ಪಂತಣ್ಣನಾದ ‘ಪ್ಯಾಂಟಲೋನೆ’ ಎಂಬ ಪಾತ್ರದ ಬಗ್ಗೆ ಅರ್ಧ ಪುಟದ ಟಿಪ್ಪಣಿ ಬೇಕಾಗಿತ್ತು. “ಮಾಸ್ಟರ್, ನೀವು ದಿನಾ ಹೊಲಿಯುವ ಪ್ಯಾಂಟಿಗೆ ಹೆಸರು ಬಂದದ್ದೇ ಈ ಮುದುಕನಿಂದ. ನೀವಲ್ಲದೆ ಇನ್ನು ಯಾರು ಬರೆಯಬೇಕು?” ಎಂದು ಅವರು ಕೇಳಿದಾಗ ಇಲ್ಲವೆನ್ನಲು ಕಾರಣ ಕಾಣಲಿಲ್ಲ.

ನಿಘಂಟು ತೆರೆದರೆ ಅರ್ಥಗಳೇನೋ ಸಾಲಾಗಿ ಸಿಗುತ್ತವೆ: ನಾಟಕದ ಹಾಸ್ಯಪಾತ್ರ, ಹಲ್ಲುದುರಿದ ಮುದುಕ, ಅಗಲವಾದ ಕಾಲುಡುಪು, ಬಿಗಿಯಾದ ಕಾಲುಡುಪು, ಪ್ಯಾಂಟು, ಹೆಂಗಸರ ಒಳ ಉಡುಪು. ಆದರೆ ಒಂದು ಅರ್ಥದಿಂದ ಇನ್ನೊಂದಕ್ಕೆ ಪದ ಹೇಗೆ ದಾಟಿತೆಂಬುದನ್ನು ಆ ಸಾಲು ಹೇಳುವುದಿಲ್ಲ. ಆದ್ದರಿಂದ ನಾನು ನನಗೆ ಗೊತ್ತಿರುವ ದಾರಿಯಲ್ಲೇ ಹೋದೆ. ಮೊದಲು ವೇಷವನ್ನು ಪೂರ್ತಿಯಾಗಿ ಹೊಲಿಯುವುದು, ಆಮೇಲೆ ಒಂದೊಂದು ಅರ್ಥವನ್ನೂ ಎದುರಿಗಿಟ್ಟುಕೊಂಡು, ಈ ಅರ್ಥ ವೇಷದ ಯಾವ ಭಾಗವನ್ನು ಕಿತ್ತುಕೊಂಡು ಹೋಯಿತು ಎಂದು ಕೇಳುವುದು. ಈ ಬಗೆಯಲ್ಲಿ ನೋಡಿದಾಗ ನಿಘಂಟಿನ ಸಾಲಿಗೆ ಒಂದು ನಡೆ ಬಂತು.

ವೇಷಕ್ಕೆ ಆಧಾರವಾಗಿ ನಾನು ಇಟ್ಟುಕೊಂಡದ್ದು ಜಾಕ್ ಕಾಲೋ ಎಂಬ ಫ್ರೆಂಚ್ ಕಲಾವಿದ 1618ರ ಆಸುಪಾಸಿನಲ್ಲಿ ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ತೆಗೆದ ಚಿತ್ರ. ಪ್ಯಾಂಟಲೋನೆ ಅದರಲ್ಲಿ ಇಡೀ ದೇಹ ಕಾಣುವಂತೆ ನಿಂತಿದ್ದಾನೆ. ಮೈಗೆ ಅಂಟಿದ ಮೇಲಂಗಿ, ಸೊಂಟದಿಂದ ಪಾದದವರೆಗೆ ಕಾಲಿಗೆ ಅಂಟಿದ ಉಡುಪು, ಬೆನ್ನ ಮೇಲೆ ಇಳಿಬಿದ್ದ ಉದ್ದನೆಯ ಕಪ್ಪು ನಿಲುವಂಗಿ, ಕೊಕ್ಕಿನಂಥ ಮೂಗಿನ ಮುಖವಾಡ, ಮುಂದಕ್ಕೆ ಚಾಚಿದ ಚೂಪು ಗಡ್ಡ. ಕಾಲುಡುಪಿನ ಬಣ್ಣ ಕೆಂಪೆಂದು ರಂಗಸಂಪ್ರದಾಯ ಹೇಳುತ್ತದೆ. ಕಾಲಲ್ಲಿ ತುರ್ಕಿ ಮಾದರಿಯ ಚಪ್ಪಲಿ, ಸೊಂಟದಲ್ಲಿ ಹಣದ ಚೀಲ. ವೆನಿಸ್ ನಗರದ ಜಿಪುಣ ಮುದಿ ವ್ಯಾಪಾರಿ ಇವನು. ಮನೆಯಲ್ಲಿ ಪ್ರಾಯದ ಮಗಳು, ತನಗೂ ಪ್ರಾಯ ಉಳಿದಿದೆಯೆಂಬ ಭ್ರಮೆ, ಊರವರೆಲ್ಲರೂ ಸೇರಿ ಕೊನೆಗೆ ಬೋಳಿಸುವುದು ಇವನನ್ನೇ. ಮುಖವಾಡ ತೊಟ್ಟು, ಬರೆದ ಮಾತಿಲ್ಲದೆ ಕಥೆಯ ಎಳೆಯೊಂದನ್ನೇ ಹಿಡಿದು ಮಾತು ಕಟ್ಟುತ್ತ ಆಡುವ ಈ ವೃತ್ತಿನಾಟಕ ಇಟಲಿಯಲ್ಲಿ 16ನೇ ಶತಮಾನದಲ್ಲಿ ಬೆಳೆಯಿತು. ನಟರು ಕೂಡಿ ತಂಡ ಕಟ್ಟಿಕೊಂಡ ಕರಾರುಪತ್ರವೊಂದು ಪಾದುವ ಊರಿನಲ್ಲಿ 1545ರಲ್ಲಿ ಬರೆದದ್ದು ಇಂದಿಗೂ ಉಳಿದಿದೆ. ತಾಳಮದ್ದಲೆಯಲ್ಲಿ ಪದ್ಯದ ಎಳೆ ಹಿಡಿದು ಅಲ್ಲೇ ಅರ್ಥ ಹೇಳುವವರನ್ನು ಕಂಡ ನಮಗೆ ಇದು ಅಷ್ಟೊಂದು ಬೆರಗಿನ ವಿಷಯವಲ್ಲ.

ಆ ಕೆಂಪು ಕಾಲುಡುಪನ್ನು ಹೊಲಿಯುವುದೇ ಈ ಕೆಲಸದ ಕಠಿಣ ಭಾಗವಾಗಿತ್ತು, ಪದದ ಕಥೆಯೂ ಅಲ್ಲಿಯೇ ಅಡಗಿತ್ತು. ಈಗಿನ ನಾಟಕದವರು ಹಿಗ್ಗುವ ಹೊಸೈರಿ ಬಟ್ಟೆ ತಂದು ಕೆಲಸ ಮುಗಿಸುತ್ತಾರೆ. ಅದನ್ನು ತೊಟ್ಟ ನಟ ವ್ಯಾಯಾಮಕ್ಕೆ ಹೊರಟವನಂತೆ ಕಾಣುತ್ತಾನೆ, ಮುದಿ ವ್ಯಾಪಾರಿಯಂತೆ ಅಲ್ಲ. ಹೆಣೆದ ಕಾಲುಚೀಲ ಬಳಕೆಗೆ ಬರುವ ಮೊದಲು ಯೂರೋಪಿನಲ್ಲಿ ಇಂಥ ಉಡುಪನ್ನು ನೇಯ್ದ ಬಟ್ಟೆಯಲ್ಲಿಯೇ ಓರೆಯಾಗಿ ಕತ್ತರಿಸಿ ಹೊಲಿಯುತ್ತಿದ್ದರು, ಏಕೆಂದರೆ ನೂಲಿನ ನೇರಕ್ಕೆ ಕತ್ತರಿಸಿದ ಬಟ್ಟೆ ಹಿಗ್ಗುವುದಿಲ್ಲ, ಓರೆಗೆ ಕತ್ತರಿಸಿದರೆ ಮೊಣಕಾಲು ಮಡಚುವಷ್ಟು ಹಿಗ್ಗುತ್ತದೆ. ನಾವು ಇದನ್ನು ಕ್ರಾಸ್ ಎನ್ನುತ್ತೇವೆ, ಉತ್ತರದ ಕಾರಿಗಾರರು ಉರೇಬ್ ಎನ್ನುತ್ತಾರೆ. ಚೂಡಿದಾರ್ ಪೈಜಾಮ ಮಾಡುವುದೂ ಇದೇ ಕ್ರಮದಲ್ಲಿ. ಆದ್ದರಿಂದ ಚೂಡಿದಾರಿನಲ್ಲಿ ಪಳಗಿದ ಹಿರಿಯ ಕಾರಿಗಾರರೊಬ್ಬರನ್ನು ಕೂಡಿಕೊಂಡೆ. ಅವರು ತೆಳುವಾದ ಕೆಂಪು ಹತ್ತಿ ಬಟ್ಟೆಯನ್ನು ಮೊದಲು ಓರೆಯಾಗಿ ಜೋಡಿಸಿ ಥೈಲಿ, ಅಂದರೆ ಚೀಲ, ಹೊಲಿದರು. ಆ ಥೈಲಿಯನ್ನು ಮಟ್ಟಸವಾಗಿ ಹಾಸಿ ಕಾಲಿನ ಆಕಾರ ಗುರುತು ಹಾಕಿ ಕತ್ತರಿಸಿದಾಗ ಬಟ್ಟೆ ತಾನಾಗಿಯೇ ಓರೆಗೆ ಬಂತು. ಆಸನದ ಜಾಗದಲ್ಲಿ ಸ್ವಲ್ಪ ಸಡಿಲ ಬಿಟ್ಟು, ಮೋರಿಯನ್ನು, ಅಂದರೆ ಕಾಲಿನ ತುದಿಯ ಬಾಯನ್ನು, ಪಾದ ತೂರುವಷ್ಟಕ್ಕೇ ಹಿಡಿದು, ಹಿಮ್ಮಡಿಯ ಹತ್ತಿರ ಹುಕ್ಕು ಇಟ್ಟೆವು. ಕಚ್ಚಾ ಹೊಲಿಗೆ ಹಾಕಿ ನಟನಿಗೆ ತೊಡಿಸಿ ನೋಡಿದಾಗ ಕಾಲಿನ ಒಂದೊಂದು ಏರಿಳಿತವೂ ಎದ್ದುಕಂಡಿತು. ಮೇಲಿನ ಕಪ್ಪು ನಿಲುವಂಗಿ ಸರಿದಾಗಲೆಲ್ಲ ಕಣ್ಣು ಆ ಕೆಂಪು ಕಾಲಿಗೇ ಹೋಗುತ್ತಿತ್ತು.

ಪದ ಯಾವ ದಾರಿಯಲ್ಲಿ ಹೋಗಿರಬೇಕೆಂಬುದರ ಬಗ್ಗೆ ನನಗೆ ನಂಬಿಕೆ ಬಂದದ್ದು ಆ ಕ್ಷಣದಲ್ಲಿ. ವೇದಿಕೆ ನೆಲಕ್ಕಿಂತ ಎತ್ತರದಲ್ಲಿರುತ್ತದೆ. ಸಂತೆಯ ಮೈದಾನದಲ್ಲಿ ನಿಂತು ನೋಡುವವರ ಕಣ್ಣಿಗೆ ನೇರವಾಗಿ ಬೀಳುವುದು ನಟನ ಕಾಲು. ಮುಖವಾಡ ಎಲ್ಲ ಮುದುಕರಿಗೂ ಇತ್ತು, ಕಪ್ಪು ನಿಲುವಂಗಿಯನ್ನು ಊರ ವ್ಯಾಪಾರಿಗಳು ತೊಡುತ್ತಿದ್ದರು, ಆದರೆ ಮುದುಕನೊಬ್ಬ ಕುಣಿಯುವಾಗ ಕಂಡ ಕೆಂಪು ಕಾಲು ಅವನೊಬ್ಬನದೇ.

ಇನ್ನು ಹೆಸರಿನ ವಿಷಯ. ವೆನಿಸ್ಸಿನವರಿಗೆ ಪ್ರಿಯನಾದ ಸಂತರಲ್ಲಿ ಪ್ಯಾಂಟಲಿಯೋನ್ ಒಬ್ಬ. ಈಗಿನ ತುರ್ಕಿಯಲ್ಲಿದ್ದ ನಿಕೊಮೀಡಿಯದ ವೈದ್ಯನಾಗಿದ್ದ ಅವನು 305ರ ಸುಮಾರಿಗೆ ಧರ್ಮಕ್ಕಾಗಿ ಪ್ರಾಣ ಬಿಟ್ಟನೆಂದು ಕ್ರೈಸ್ತ ಪರಂಪರೆ ಹೇಳುತ್ತದೆ. ಅವನ ಹೆಸರಿನ ಇಗರ್ಜಿ ವೆನಿಸ್ಸಿನಲ್ಲಿ ಇಂದಿಗೂ ಇದೆ. ಸಂತನ ಹೆಸರನ್ನು ಮಕ್ಕಳಿಗೆ ಇಡುವ ರೂಢಿಯಿಂದ ಅದು ವೆನಿಸ್ಸಿನವನನ್ನು ಗುರುತಿಸುವ ಹೆಸರಾಯಿತು, ನಾಟಕದವರು ಅದನ್ನೇ ಎತ್ತಿಕೊಂಡರು. ವೆನಿಸ್ಸಿನ ಲಾಂಛನ ಸಿಂಹವಾದ್ದರಿಂದ, ‘ಸಿಂಹಧ್ವಜ ನೆಡುವವನು’ ಎಂಬ ಇಟಾಲಿಯನ್ ಮಾತು ಸವೆದು ಪ್ಯಾಂಟಲೋನೆ ಆಯಿತೆಂಬ ಇನ್ನೊಂದು ವಿವರಣೆಯೂ ಓಡಾಡುತ್ತಿದೆ. ಕೇಳಲು ಚೆನ್ನಾಗಿದ್ದರೂ ಅದು ಹೆಸರು ಹುಟ್ಟಿದ ಮೇಲೆ ಕಟ್ಟಿದ ಕಥೆ. ನಿರ್ದೇಶಕರಿಗೆ ಅದರ ಮೇಲೆ ಮನಸ್ಸಿತ್ತು, ನಾನು ಟಿಪ್ಪಣಿಗೆ ಸೇರಿಸಲು ಒಪ್ಪಲಿಲ್ಲ. ನಮ್ಮ ಊರುಗಳ ಹೆಸರಿಗೆ ಸ್ಥಳಪುರಾಣ ಕಟ್ಟುವವರ ಕೈಚಳಕ ನನಗೆ ಚೆನ್ನಾಗಿ ಗೊತ್ತು.

ಪದ ಇಟಲಿಯಿಂದ ಹೊರಬಿದ್ದು ಇಂಗ್ಲೆಂಡಿಗೆ ಹೋದಾಗ ಮೊದಲು ಕಿತ್ತುಕೊಂಡದ್ದು ಬಟ್ಟೆಯನ್ನಲ್ಲ, ವಯಸ್ಸನ್ನು. ಷೇಕ್ಸ್‌ಪಿಯರ್ 1599ರ ಸುಮಾರಿಗೆ ಬರೆದ ‘ಆ್ಯಸ್ ಯು ಲೈಕ್ ಇಟ್’ ನಾಟಕದಲ್ಲಿ ಮನುಷ್ಯನ ಬಾಳನ್ನು ಏಳು ಘಟ್ಟಗಳಾಗಿ ಹೇಳುವ ಮಾತಿದೆ. ಅದರ ಆರನೆಯ ಘಟ್ಟದಲ್ಲಿ ಬರುವವನು ಚಪ್ಪಲಿ ಮೆಟ್ಟಿದ, ಮೂಗಿನ ಮೇಲೆ ಕನ್ನಡಕ ಏರಿಸಿದ, ಸೊಂಟದಲ್ಲಿ ಚೀಲವಿರುವ ಬಡಕಲು ‘ಪ್ಯಾಂಟಲೂನ್’. ಪಾತ್ರದ ಹೆಸರು ಇಲ್ಲಿ ಮುದುಕ ಎಂಬುದಕ್ಕೆ ಬದಲಿ ಪದವಾಗಿದೆ. ದರ್ಜಿಯಾದ ನನಗೆ ಇನ್ನೂ ರುಚಿಸಿದ್ದು ಮುಂದಿನ ವಿವರ: ಯೌವನದಲ್ಲಿ ಹೊಲಿಸಿ ಜೋಪಾನವಾಗಿಟ್ಟ ಕಾಲುಡುಪು ಈಗ ಅವನ ಸೊರಗಿದ ಕಾಲಿಗೆ ಬಹಳ ದೊಗಳೆಯಾಗಿದೆ. ಬಟ್ಟೆ ಹಾಗೆಯೇ ಉಳಿದು ಕಾಲು ಸಣ್ಣಗಾದದ್ದನ್ನು ಕಂಡ ಈ ಕಣ್ಣು ರಂಗದವರದು, ಏಕೆಂದರೆ ಪೆಟ್ಟಿಗೆಯಲ್ಲಿರುವ ಒಂದೇ ವೇಷ ಹಲವು ನಟರ ಮೈ ಹತ್ತಿ ಇಳಿಯುವುದನ್ನು ಅವರು ಕಂಡಿರುತ್ತಾರೆ. ಇದನ್ನು ಓದಿದ ಮೇಲೆ ನಾನು ಹೊಲಿದದ್ದನ್ನು ಸ್ವಲ್ಪ ಬದಲಿಸಿದೆ. ತೊಡೆ ಮತ್ತು ಮೀನಖಂಡದಲ್ಲಿ ಬಿಗಿಯನ್ನು ಹಾಗೆಯೇ ಇಟ್ಟು, ಮೊಣಕಾಲಿನ ಹಿಂದೆ ಮಾತ್ರ ಬಟ್ಟೆ ಸುಕ್ಕಾಗಿ ಜೋಲುವಂತೆ ಒಳಗಿನಿಂದ ಒಂದು ಹೆಚ್ಚಿನ ತುಂಡು ಸೇರಿಸಿದೆ. ನಟ ನೇರ ನಿಂತಾಗ ಅವನು ಹರೆಯದ ಬಡಾಯಿಗಾರ, ಕುಳಿತಾಗ ಸುಕ್ಕುಬಿದ್ದ ಮುದುಕ. ಈ ಎರಡೂ ಒಬ್ಬನಲ್ಲೇ ಇರಬೇಕೆಂಬುದು ನಿರ್ದೇಶಕರ ಬಯಕೆಯೂ ಆಗಿತ್ತು.

ಕಾಲುಡುಪಿಗೆ ಹೆಸರು ಅಂಟಿದ್ದು ಫ್ರಾನ್ಸಿನಲ್ಲಿ. ಜೆಲೋಸಿ ಎಂಬ ಹೆಸರಾಂತ ಇಟಾಲಿಯನ್ ತಂಡ 1577ರಲ್ಲಿ ಫ್ರೆಂಚ್ ರಾಜನ ಮುಂದೆ ಆಡಿತು. ಆಮೇಲೆ ಇಟಾಲಿಯನ್ ನಟರು ಪ್ಯಾರಿಸ್ಸಿನಲ್ಲಿ ನೆಲೆಯೂರಿದರು, 1697ರಲ್ಲಿ ಅಲ್ಲಿಂದ ಹೊರದೂಡಿಸಿಕೊಂಡು 1716ರಲ್ಲಿ ಮರಳಿ ಬಂದರು. ಭಾಷೆ ಪೂರ್ತಿ ತಿಳಿಯದ ಪ್ರೇಕ್ಷಕರ ಮುಂದೆ ಇಷ್ಟು ದೀರ್ಘಕಾಲ ಆಡಿದ ನಾಟಕದಲ್ಲಿ ಮಾತಿಗಿಂತ ಮೈಯೂ ಬಟ್ಟೆಯೂ ಹೆಚ್ಚು ಹೇಳಿರಬೇಕು. ಸೊಂಟದಿಂದ ಕೆಳಕ್ಕೆ ಒಂದೇ ಉಡುಪಾಗಿ ಇಳಿಯುವ ಬಟ್ಟೆಗೆ ಫ್ರೆಂಚರು ‘ಪಾಂತಲೋಂ’ ಎಂದರು. ಕುಲೀನರು ಆಗ ತೊಡುತ್ತಿದ್ದದ್ದು ಮೊಣಕಾಲಿನವರೆಗಿನ ಚಲ್ಲಣ ಮತ್ತು ಅದರ ಕೆಳಗೆ ರೇಷ್ಮೆ ಕಾಲುಚೀಲ. ಉದ್ದನೆಯ ಪಾಂತಲೋಂ ದುಡಿಯುವವರ ಉಡುಪಾಗಿತ್ತು. 1789ರ ಕ್ರಾಂತಿಯ ನಂತರದ ವರ್ಷಗಳಲ್ಲಿ ಪ್ಯಾರಿಸ್ಸಿನ ಕೆಳವರ್ಗದ ಕ್ರಾಂತಿಕಾರರನ್ನು ‘ಚಲ್ಲಣವಿಲ್ಲದವರು’ ಎಂಬ ಅರ್ಥದ ಹೆಸರಿನಿಂದಲೇ ಕರೆಯುತ್ತಿದ್ದರು, ಅವರಿಗೆ ಅದು ಹೆಮ್ಮೆಯ ಬಿರುದಾಯಿತು. ದುಡ್ಡಿನ ಗಂಟನ್ನು ಬಿಡದ ಸಾಹುಕಾರನ ಹೆಸರನ್ನು ಹೊತ್ತ ಉಡುಪು ಸಾಹುಕಾರರ ವಿರುದ್ಧ ಎದ್ದವರ ಗುರುತಾದದ್ದು ಈ ಪದದ ಚರಿತ್ರೆಯಲ್ಲಿ ನನಗೆ ಅತಿ ಪ್ರಿಯವಾದ ತಿರುವು. ಆ ಹೊತ್ತಿಗೆ ಉಡುಪನ್ನು ತೊಟ್ಟವರಲ್ಲಿ ಮುದುಕನನ್ನು ನೆನೆದವರು ಯಾರೂ ಇದ್ದಿರಲಾರರು. ಆದರೂ ಫ್ರೆಂಚಿನಲ್ಲಿ ‘ಪಾಂತಲೋನಾದ್’ ಎಂಬ ಇನ್ನೊಂದು ಪದ ಕೋಡಂಗಿಯಾಟ, ಹುಚ್ಚಾಟ ಎಂಬ ಅರ್ಥದಲ್ಲಿ ಉಳಿದುಕೊಂಡಿತು, ಅಂದರೆ ಬಟ್ಟೆ ಒಂದು ಕಡೆಗೂ ಚೇಷ್ಟೆ ಇನ್ನೊಂದು ಕಡೆಗೂ ಹಂಚಿಹೋದವು.

ಇಂಗ್ಲಿಷಿನ ಮುಂದಿನ ಕಥೆಯನ್ನು ಬೇಗ ಹೇಳಿಬಿಡಬಹುದು. 1660ರ ನಂತರ ಪ್ಯಾಂಟಲೂನ್ಸ್ ಎಂದರೆ ಲಂಗದಷ್ಟು ಅಗಲವಾದ ಚಲ್ಲಣ; 18ನೇ ಶತಮಾನದ ಕೊನೆಗೆ ಅದೇ ಪದ ಕಾಲಿಗೆ ಬಿಗಿದು ಪಾದದಡಿ ಪಟ್ಟಿ ಕಟ್ಟುವ ಉಡುಪಿಗೆ ಬಂತು; ಆಮೇಲೆ ನೇರ ಇಳಿಯುವ ಎಲ್ಲ ಕಾಲುಡುಪಿಗೂ ಸಂದಿತು. ಅಮೆರಿಕದಲ್ಲಿ 1840ರ ಆಸುಪಾಸಿನಲ್ಲಿ ಅದನ್ನು ಮೊಟಕುಮಾಡಿ ‘ಪ್ಯಾಂಟ್ಸ್’ ಎಂದರು, ಮರ್ಯಾದಸ್ಥರು ಆಗ ಅದನ್ನು ಒರಟು ಮಾತೆಂದು ಮೂಗು ಮುರಿದರು. ಹುಡುಗಿಯರ ಲೇಸಿನ ಒಳ ಇಜಾರಿಗೆ ‘ಪ್ಯಾಂಟಲೆಟ್ಸ್’, ಮುಂದೆ ಹೆಂಗಸರ ಒಳ ಉಡುಪಿಗೆ ‘ಪ್ಯಾಂಟಿ’. ಬ್ರಿಟನ್ನಿನಲ್ಲಿ ‘ಪ್ಯಾಂಟ್ಸ್’ ಎಂದರೆ ಇಂದಿಗೂ ಒಳಚಡ್ಡಿ, ಮತ್ತು ಅಲ್ಲಿಯ ಹುಡುಗರ ಮಾತಿನಲ್ಲಿ ಕೆಲಸಕ್ಕೆ ಬಾರದ ಏನನ್ನಾದರೂ ಹಾಗೆ ಕರೆಯುವುದುಂಟು.

ನಮ್ಮ ಕಡೆಗೆ ಬಂದಾಗ ಅದು ಹಿಂದಿ, ಉರ್ದುಗಳಲ್ಲಿ ಪತಲೂನ್ ಆಯಿತು, ಮರಾಠಿಯಲ್ಲಿ ಪಾಟಲೋಣ ಆಯಿತು. ನನ್ನ ಅಂಗಡಿಗೆ ಬರುವ ಮರಾಠಿ ಅಜ್ಜಂದಿರ ಬಾಯಲ್ಲಿ ಇವತ್ತಿಗೂ ಪಾಟಲೋಣವೇ ಇದೆ, ಅವರ ಮೊಮ್ಮಕ್ಕಳಿಗೆ ಪ್ಯಾಂಟ್. ಕನ್ನಡದಲ್ಲಿ ಇಜಾರು, ಶರಾಯಿ, ಚಲ್ಲಣಗಳಿದ್ದ ಜಾಗದಲ್ಲಿ ಪ್ಯಾಂಟು ಬಂದು ಕುಳಿತಿತು. ಇಂಗ್ಲಿಷಿನವರು ಒಂದೇ ಉಡುಪನ್ನು ಬಹುವಚನದಲ್ಲಿ ಕರೆಯುತ್ತಾರೆ, ನಾವು ಸಲೀಸಾಗಿ ‘ಒಂದು ಪ್ಯಾಂಟು’ ಎಂದುಬಿಟ್ಟೆವು. ಹಾಫ್ ಪ್ಯಾಂಟು, ಪ್ಯಾಂಟ್ ಪೀಸು ಎಂದು ಅದಕ್ಕೆ ಮರಿಗಳೂ ಹುಟ್ಟಿದವು. ಒಳಗಿನ ಆಸನ, ಮೋರಿ, ಅಸ್ತರ್, ಕಾಜುಗಳಿಗೆ ಮಾತ್ರ ಮುಂಬಯಿಯ ದರ್ಜಿಗಳು ಹಳೆಯ ಹೆಸರುಗಳನ್ನೇ ಉಳಿಸಿಕೊಂಡಿದ್ದಾರೆ. ಹೊರಗಿನ ಹೆಸರು ಗಿರಾಕಿಯದು, ಒಳಗಿನ ಹೆಸರುಗಳು ಕಾರಿಗಾರನವು.

ಇಷ್ಟಾದ ಮೇಲೆ ಪದ ಇಟಲಿಯಲ್ಲಿ ಏನಾಯಿತೆಂಬ ಪ್ರಶ್ನೆ ಉಳಿದಿತ್ತು. ಅಲ್ಲಿಯೂ ಈಗ ಪ್ಯಾಂಟಿಗೆ ‘ಪಾಂತಲೋನಿ’ ಎನ್ನುತ್ತಾರೆ, ಆದರೆ ಆ ಅರ್ಥ ಫ್ರಾನ್ಸಿನಿಂದ ಮರಳಿ ಬಂದದ್ದು. ವೆನಿಸ್ಸಿನಿಂದ ಮನುಷ್ಯನಾಗಿ ಹೋದವನು ಪ್ಯಾರಿಸ್ಸಿನಿಂದ ಬಟ್ಟೆಯಾಗಿ ತವರಿಗೆ ಬಂದ. ಹಡಗಿನ ಕೆಲಸದಲ್ಲಿ ಜಿನೋವಾ ಬಂದರನ್ನು ಕಂಡುಬಂದ ಉಡುಪಿ ಕಡೆಯ ಗೆಳೆಯರೊಬ್ಬರು ಇನ್ನೊಂದು ಅರ್ಥವನ್ನು ಹೇಳಿದರು. “ಅಲ್ಲಿ ಸರಕಾರ ದುಡ್ಡು ಪೋಲು ಮಾಡಿದ ಸುದ್ದಿ ಬಂದರೆ ಹೋಟೆಲಿನಲ್ಲಿ ಕುಳಿತವರು ‘ಪಾಗಾ ಪಾಂತಲೋನೆ’ ಅಂತಾರೆ ಮಾರಾಯ್ರೇ. ಪ್ಯಾಂಟಲೋನೆ ಕೊಡ್ತಾನೆ, ಬಿಡಿ ಅಂತ. ಪ್ಯಾಂಟಲೋನೆ ಅಂದ್ರೆ ಬೇರೆ ಯಾರೂ ಅಲ್ಲ, ತೆರಿಗೆ ಕಟ್ಟುವ ನಾವು ನೀವು.” ಹುಡುಕಿ ನೋಡಿದಾಗ ಇದು ಇಟಲಿಯಲ್ಲಿ ಎಲ್ಲರ ಬಾಯಲ್ಲಿರುವ ಮಾತೆಂದು ಖಾತ್ರಿಯಾಯಿತು. ಈ ಅರ್ಥ ಕಿತ್ತುಕೊಂಡದ್ದು ಕಾಲನ್ನೂ ಅಲ್ಲ, ವಯಸ್ಸನ್ನೂ ಅಲ್ಲ, ಸೊಂಟದ ಹಣದ ಚೀಲವನ್ನು. ಕಥೆ ಯಾವುದೇ ಆಗಲಿ, ಕೊನೆಯಲ್ಲಿ ಚೀಲ ಬಿಚ್ಚುವವನು ಅವನೇ ಆಗಿದ್ದರಿಂದ, ನಾಟಕ ಚೆನ್ನಾಗಿ ಗೊತ್ತಿದ್ದ ನಾಡಿನಲ್ಲಿ ಆ ಅರ್ಥ ಹುಟ್ಟಿತು. ನಾಟಕವನ್ನು ಹೊರಗಿನಿಂದ ನೋಡಿದ ನಾಡುಗಳಲ್ಲಿ ಬಟ್ಟೆಯ ಅರ್ಥ ಹುಟ್ಟಿತು. ನನ್ನ ಟಿಪ್ಪಣಿಗೆ ಬೆನ್ನೆಲುಬಾದದ್ದು ಈ ವ್ಯತ್ಯಾಸವೇ.

ಇದು ಒಬ್ಬ ಪ್ಯಾಂಟಲೋನೆಗೆ ಮಾತ್ರ ಸಲ್ಲುವ ಮಾತೋ ಎಂದು ಪರೀಕ್ಷಿಸಲು ಅದೇ ಮೇಳದ ಉಳಿದವರನ್ನೂ ನೋಡಿದೆ. ಇವನ ಮನೆಯ ಆಳು ಜಾನ್ನಿ. ಜೊವಾನ್ನಿ ಎಂಬ ಸಾಮಾನ್ಯ ಹೆಸರಿನ ವೆನಿಸ್ ಕಡೆಯ ರೂಪ ಅದು. ಬೆರ್ಗಮೊ ಬೆಟ್ಟದ ಕಡೆಯಿಂದ ಹೊಟ್ಟೆಪಾಡಿಗೆ ವೆನಿಸ್ಸಿಗೆ ಇಳಿದು ಹೊರೆ ಹೊರುತ್ತಿದ್ದವರನ್ನು ನೋಡಿ ಮಾಡಿದ ಪಾತ್ರ. ಊರು ಬಿಟ್ಟು ಮುಂಬಯಿಯ ಹೋಟೆಲು, ಹಡಗುಕಟ್ಟೆಗಳಲ್ಲಿ ದುಡಿದವರ ಮನೆಯಿಂದ ಬಂದ ನಮ್ಮ ನಟರಿಗೆ ಈ ಪಾತ್ರವನ್ನು ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಆ ಹೆಸರು ಇಂಗ್ಲಿಷಿನಲ್ಲಿ ‘ಜೇನಿ’ ಆಗಿ, ಮೊದಲು ವಿದೂಷಕನ ಹಿಂದೆ ನಿಂತು ಅವನನ್ನೇ ಅಣಕಿಸುವ ಸಹಾಯಕನಿಗೂ, ಆಮೇಲೆ ಹುಚ್ಚು ಹುಚ್ಚಾದ ಯಾವುದೇ ತಮಾಷೆಗೂ ಸಂದಿತು. ಜಾನ್ನಿಯ ವೇಷ ದೊಗಳೆಯಾದ ಬಿಳಿ ಬಟ್ಟೆ, ನೋಡಲು ವಿಶೇಷವೇನೂ ಇಲ್ಲ. ಆದ್ದರಿಂದ ಪದ ಅವನ ಚೇಷ್ಟೆಯನ್ನು ಹಿಡಿಯಿತು. ಆರ್ಲೆಕಿನೊ ಹಾಗಲ್ಲ. ಬಣ್ಣಬಣ್ಣದ ಚೌಕಳಿ ತೇಪೆಯ ಅಂಗಿಯವನು ಅವನು, ಇಂಗ್ಲಿಷಿನಲ್ಲಿ ಆ ಚೌಕಳಿಗೇ ಅವನ ಹೆಸರು ಬಂತು.

ನೇಪಲ್ಸಿನ ಗೂನುಬೆನ್ನಿನ ಪುಲ್ಚಿನೆಲ್ಲನ ಕಥೆ ನನ್ನನ್ನು ಮತ್ತೆ ಮುಂಬಯಿಗೇ ಕರೆತಂದಿತು. ಅವನು ಗೊಂಬೆಯಾಗಿ ಲಂಡನ್ನಿಗೆ ಹೋದ. ಸ್ಯಾಮ್ಯುಯೆಲ್ ಪೀಪ್ಸ್ ಎಂಬವನು ಅಲ್ಲಿ ಆ ಆಟವನ್ನು ನೋಡಿದ್ದನ್ನು 1662ರ ಮೇ ತಿಂಗಳ ದಿನಚರಿಯಲ್ಲಿ ಬರೆದಿದ್ದಾನೆ. ಹೆಸರು ಸವೆದು ‘ಪಂಚ್’ ಆಯಿತು. ಎಲ್ಲರನ್ನೂ ಬಡಿಗೆಯಿಂದ ಬಾರಿಸುವ ಆ ಗೊಂಬೆಯ ಹೆಸರನ್ನು 1841ರಲ್ಲಿ ಲಂಡನ್ನಿನ ವ್ಯಂಗ್ಯಪತ್ರಿಕೆಯೊಂದು ಇಟ್ಟುಕೊಂಡಿತು, ಅದನ್ನು ನೋಡಿ ನಮ್ಮ ಮುಂಬಯಿಯಲ್ಲಿ 1854ರಲ್ಲಿ ‘ಪಾರ್ಸಿ ಪಂಚ್’ ಹೊರಟಿತು. ಮುಂದೆ ಅದೇ ‘ಹಿಂದಿ ಪಂಚ್’ ಆಯಿತು. ಲಖನೌದಲ್ಲಿ 1877ರಲ್ಲಿ ಉರ್ದುವಿನ ‘ಅವಧ್ ಪಂಚ್’ ಬಂತು. ಗೂನುಬೆನ್ನಿನ ಗೊಂಬೆ ಹೀಗೆ ವ್ಯಂಗ್ಯಪತ್ರಿಕೆ ಎಂಬ ಅರ್ಥವನ್ನು ಹೊತ್ತು ಅರಬ್ಬೀ ಸಮುದ್ರ ದಾಟಿತು. ಇದೆಲ್ಲ ಟಿಪ್ಪಣಿಯಲ್ಲಿ ಹಿಡಿಸುವುದಿಲ್ಲವೆಂದು ಗೊತ್ತಿದ್ದರೂ ಬಿಡಲಾರದೆ ಓದಿದೆ.

ನಮ್ಮದೇ ರಂಗದ ಪದಗಳಲ್ಲಿ ಇದಕ್ಕೆ ಸರಿಸಾಟಿಯಾದದ್ದು ಕೋಡಂಗಿ. ಯಕ್ಷಗಾನದ ಪೂರ್ವರಂಗದಲ್ಲಿ, ಆಟ ಕಾವೇರುವ ಮೊದಲು, ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರು ಹೆಜ್ಜೆ ಪಳಗಲೆಂದು ಕಟ್ಟುವ ವೇಷ ಅದು. ಆ ಹೊತ್ತಿಗೆ ಪ್ರೇಕ್ಷಕರು ಇನ್ನೂ ಚಾಪೆ ಹುಡುಕುತ್ತಿರುತ್ತಾರೆ, ರಂಗದಲ್ಲಿ ಹುಡುಗರು ತಪ್ಪು ಹೆಜ್ಜೆ ಹಾಕುತ್ತಿರುತ್ತಾರೆ. ಕೋಡಗ ಎಂದರೆ ಮಂಗ. ಆ ಪದದ ನೆರಳೂ ಇದರ ಮೇಲಿದೆ. ಊರ ಮಾತಿನಲ್ಲಿ ಕೋಡಂಗಿ ಎಂದರೆ ದಡ್ಡ, ಅಡ್ಡಾದಿಡ್ಡಿ ಕುಣಿಯುವವನು, ಸರ್ಕಸ್ಸಿನ ಜೋಕರ್. “ಕೋಡಂಗಿ ಮಾಡಿಬಿಟ್ಟರು” ಎಂದರೆ ಮೋಸ ಮಾಡಿದರು. “ಕೇಳೋನು ಕೋಡಂಗಿ ಆದ್ರೆ ಹೇಳೋನು ವೀರಭದ್ರ” ಎಂಬ ಗಾದೆಯಲ್ಲಿ ಅವನು ಏನು ಹೇಳಿದರೂ ನಂಬುವವನು. ಇಷ್ಟು ಅರ್ಥಗಳಲ್ಲಿ ಒಂದೂ ಬಟ್ಟೆಗೆ ಸಂಬಂಧಿಸಿದ್ದಲ್ಲ. ಕೋಡಂಗಿಯ ವೇಷವನ್ನು ಹೊಲಿದುಕೊಟ್ಟ ನನಗೆ ಕಾರಣ ಗೊತ್ತು: ಅದಕ್ಕೆ ಮೇಳದಲ್ಲಿ ಪ್ರತ್ಯೇಕ ಬಟ್ಟೆಯ ವೈಭವವಿಲ್ಲ, ನೋಡುವವನಿಗೆ ಉಳಿಯುವುದು ಆ ಎಳೆ ಹುಡುಗನ ಕುಣಿತ ಮಾತ್ರ. ಪಾಪಣ್ಣ, ಬಾಹುಕರಂಥ ಪಾತ್ರಗಳಲ್ಲಿ ಇಡೀ ರಾತ್ರಿಯ ಆಟವನ್ನು ಹೊತ್ತು ನಿಲ್ಲುವ ಹಾಸ್ಯಗಾರನ ಹೆಸರು ಮಾತ್ರ ಇಂಥ ಯಾವ ಪ್ರಯಾಣವನ್ನೂ ಮಾಡಲಿಲ್ಲ. ಅದು ಒಡೆದರೆ ಅರ್ಥವಾಗುವ ಪದ, ಹಾಸ್ಯ ಮಾಡುವವನು ಎಂಬುದನ್ನು ಬಿಟ್ಟು ಬೇರೆ ಅರ್ಥಕ್ಕೆ ಅದರಲ್ಲಿ ಎಡೆಯಿಲ್ಲ. ಪ್ಯಾಂಟಲೋನೆ, ಜಾನ್ನಿ, ಪಂಚ್ ಎಂಬವು ಬರಿಯ ಅಂಕಿತನಾಮಗಳು, ಪರನಾಡಿನಲ್ಲಿ ಅವುಗಳೊಳಗೆ ಏನು ಬೇಕಾದರೂ ತುಂಬಬಹುದಿತ್ತು. ನೆರೆಯ ಮರಾಠಿಯ ಸೋಂಗಾಡ್ಯಾ ಇವೆರಡರ ನಡುವೆ ನಿಲ್ಲುತ್ತಾನೆ: ಸೋಂಗು ಎಂದರೆ ವೇಷ, ಆದ್ದರಿಂದ ಅವನು ತಮಾಶಾ ಎಂಬ ಮರಾಠಿ ಜನಪದ ನಾಟಕದ ಹಾಸ್ಯನಟನೂ ಹೌದು, ದಿನಬಳಕೆಯಲ್ಲಿ ನಟನೆ ಮಾಡಿ ಮರುಳು ಮಾಡುವವನೂ ಹೌದು. ನಮ್ಮ ಸೋಗಲಾಡಿಯಲ್ಲಿ ಎರಡನೆಯ ಅರ್ಥ ಮಾತ್ರ ಇದೆ.

ಟಿಪ್ಪಣಿಯ ಕರಡು ಸಿದ್ಧವಾದಾಗ ನಿರ್ದೇಶಕರಿಗೂ ನನಗೂ ಒಂದು ವಾದವಾಯಿತು. ಪ್ರೇಕ್ಷಕರಿಗೆ ಬೇಗ ತಿಳಿಯಲೆಂದು ಅವರು ಪ್ಯಾಂಟಲೋನೆಯನ್ನು ‘ಇಟಲಿಯ ವಿದೂಷಕ’ ಎಂದು ಬರೆಯಬೇಕೆಂದರು. ನಾನು ಒಪ್ಪಲಿಲ್ಲ. ಸಂಸ್ಕೃತ ನಾಟಕದ ವಿದೂಷಕ ರಾಜನ ಆಪ್ತ. ಶಾಕುಂತಲದ ಮಾಧವ್ಯನಾಗಲಿ, ಸ್ವಪ್ನವಾಸವದತ್ತದ ವಸಂತಕನಾಗಲಿ ಬ್ರಾಹ್ಮಣನಾಗಿದ್ದೂ ಪ್ರಾಕೃತದಲ್ಲಿ ಮಾತಾಡುತ್ತ, ಊಟದ ಚಪಲ ತೋರಿಸುತ್ತ, ನಾಯಕನ ಗುಟ್ಟನ್ನು ಕಾಯುತ್ತಾನೆ. ನಗು ಹುಟ್ಟಿಸುವವನು ಅವನು. ಪ್ಯಾಂಟಲೋನೆ ತಾನಾಗಿ ಯಾರನ್ನೂ ನಗಿಸುವುದಿಲ್ಲ, ನಗೆಗೆ ಈಡಾಗುತ್ತಾನೆ. ಮನೆಯ ಯಜಮಾನನೂ ಅವನೇ, ದುಡ್ಡಿರುವುದೂ ಅವನ ಬಳಿಯೇ. ಮನೆಯೊಳಗೆ ಅಧಿಕಾರವಿರುವವನು ಆಳಿನ ಕೈಯಲ್ಲಿ ಪೆಟ್ಟು ತಿನ್ನುವುದು ಇಲ್ಲಿಯ ಹಾಸ್ಯದ ತಿರುಳಾದ್ದರಿಂದ ವಿದೂಷಕ ಎಂದರೆ ಪಾತ್ರವೇ ಬದಲಾಗಿಬಿಡುತ್ತದೆ. ಸ್ವಲ್ಪ ಹೊತ್ತು ಚರ್ಚೆ ನಡೆದ ಮೇಲೆ ‘ಗೇಲಿಗೆ ಈಡಾಗುವ ಮುದಿ ಸಾಹುಕಾರ’ ಎಂಬಲ್ಲಿಗೆ ಇಬ್ಬರೂ ಬಂದೆವು. ನಾಟಕದಲ್ಲಿ ಅವನ ಹೆಸರು ಪಂತಣ್ಣ ಸಾಹುಕಾರ ಎಂದಾಯಿತು, ಮೂಲದ ಮೊದಲ ಅಕ್ಷರಗಳೂ ಉಳಿದವು.

ಕೊನೆಗೆ ಅಚ್ಚಾದ ಟಿಪ್ಪಣಿಯಲ್ಲಿ ಅರ್ಥಗಳನ್ನು ಕಾಲಾನುಕ್ರಮದಲ್ಲಿ ಇಡದೆ ವೇಷದ ಕ್ರಮದಲ್ಲಿ ಇಟ್ಟೆ. ಗಡ್ಡ ಮತ್ತು ಚಪ್ಪಲಿಯಿಂದ ಹುಟ್ಟಿದ ಮುದುಕ ಮೊದಲು, ಚೀಲದಿಂದ ಹುಟ್ಟಿದ ತೆರಿಗೆ ಕಟ್ಟುವವನು ನಂತರ, ಕೆಂಪು ಕಾ­ಲಿನಿಂದ ಹುಟ್ಟಿದ ಪಾಂತಲೋಂ, ಪತಲೂನ್, ಪಾಟಲೋಣ, ಪ್ಯಾಂಟು ಆಮೇಲೆ. ಬ್ರಿಟನ್ನಿನ ಒಳಚಡ್ಡಿಯ ಸಾಲನ್ನು ಜಾಗ ಸಾಲದೆಂದು ನಿರ್ದೇಶಕರು ಹೊಡೆದುಹಾಕಿದರು. ಪಂತಣ್ಣನ ಪಾತ್ರಧಾರಿ ಅದನ್ನು ಓದಿಕೊಂಡು ಎರಡನೆಯ ಪ್ರಯೋಗದಲ್ಲಿ ತಾನೇ ಒಂದು ಮಾತು ಸೇರಿಸಿದ: ಆಳು ಸಂಬಳ ಕೇಳಿದಾಗ ಚೀಲದ ಬಾಯನ್ನು ಬಿಗಿಹಿಡಿದು, “ನನ್ನ ಹೆಸರನ್ನು ಊರೆಲ್ಲ ಕಾಲಿಗೆ ಹಾಕಿಕೊಂಡು ತಿರುಗುತ್ತಾರೆ, ಒಬ್ಬನಾದರೂ ಬಾಡಿಗೆ ಕೊಟ್ಟಿದ್ದಾನೆಯೇ?” ಎಂದ. ಟಿಪ್ಪಣಿ ಓದದವರೂ ನಕ್ಕರು, ಆದ್ದರಿಂದ ಆ ಮಾತು ಮುಂದಿನ ಪ್ರಯೋಗಗಳಲ್ಲಿಯೂ ಉಳಿದಿದೆ.